ಕ್ಷಯವಿಲ್ಲವೆಂದು ಒಂದು ಪತ್ರ

ಮಗಳು ಕಿಂಡರ್‌ಗಾರ್ಟನ್ನಿಗೆ ಸೇರಿ ಐದು ವಾರವಾಗಿತ್ತು. ಆ ಐದು ವಾರದಲ್ಲಿ ಅವಳು ಕ್ಲಾಸಿನಲ್ಲಿ ಒಂದು ಮಾತೂ ಆಡಿರಲಿಲ್ಲ. ಮನೆಯಲ್ಲಿ ಅವಳ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ; ಬಚ್ಚಲುಮನೆಯೊಳಗಿಂದಲೂ ಸಮಾಚಾರ ಹೇಳುತ್ತಲೇ ಇರುತ್ತಿದ್ದಳು. ಶಾಲೆಯ ಹೊಸ್ತಿಲು ದಾಟಿದಳೋ, ಯಾರೋ ನಲ್ಲಿ ತಿರುಗಿಸಿ ನಿಲ್ಲಿಸಿದ ಹಾಗೆ ಎಲ್ಲ ಬಂದ್. ಅವಳ ಟೀಚರು ಕನ್ನಡಕವನ್ನು ಮಣಿಸರಕ್ಕೆ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಳ್ಳುತ್ತಿದ್ದ ಎತ್ತರದ ಹೆಂಗಸು. ಒಂದು ಮಧ್ಯಾಹ್ನ ನನ್ನನ್ನು ಪಕ್ಕಕ್ಕೆ ಕರೆದು, ಮಗು ಕತ್ತರಿಸುತ್ತಾಳೆ, ಅಂಟಿಸುತ್ತಾಳೆ, ಸಾಲಿನಲ್ಲಿ ನಿಲ್ಲುತ್ತಾಳೆ, ಮಾತು ಮಾತ್ರ ಇಲ್ಲ ಎಂದರು. ಆಮೇಲೆ ಬಹಳ ನಾಜೂಕಿನಿಂದ, ಅವಳ ಕಿವಿಯನ್ನು ಯಾವಾಗಲಾದರೂ ತೋರಿಸಿದ್ದೀರಾ ಎಂದು ಕೇಳಿದರು.

ಕಿವಿ ಚೆನ್ನಾಗಿಯೇ ಇತ್ತು. ಅಡಿಗೆಮನೆಯಲ್ಲಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆರೆದರೆ ಅವಳಿಗೆ ಮಹಡಿಯ ಮೇಲಿಂದ ಕೇಳುತ್ತಿತ್ತು.

ಕ್ಲಾಸಿನ ಬಾಗಿಲಿಗೆ ಒಂದು ಹಾಳೆ ನೇತುಹಾಕಿದ್ದರು. ಮಕ್ಕಳಿಗೆ ಕಥೆ ಓದಿಹೇಳಲು ಬರುವ ತಾಯಿತಂದೆಯರು ಅದರಲ್ಲಿ ಹೆಸರು ಬರೆಯಬೇಕು. ಗುರುವಾರ, ಬೆಳಿಗ್ಗೆ ಹತ್ತು ಗಂಟೆ. ಕಾನ್ವೆಂಟಿನಲ್ಲಿ ಕಲಿತ ದುಂಡು ಅಕ್ಷರದಲ್ಲಿ ನಾನೂ ನನ್ನ ಹೆಸರು ಬರೆದು ಬಂದೆ. ನನಗಿದ್ದದ್ದು ಕೆಲಸ ಮಾಡಲು ಬಿಡದ ವೀಸಾ. ಈ ದೇಶಕ್ಕೆ ಬಂದ ಮೇಲೆ ನಾನು ಜೋರಾಗಿ ಆಡಿದ ಇಂಗ್ಲಿಷೆಂದರೆ ಅಂಗಡಿಯಲ್ಲಿ ಪೇಪರ್ ಚೀಲ ಬೇಕೋ ಪ್ಲಾಸ್ಟಿಕ್ ಚೀಲ ಬೇಕೋ ಎಂದು ಕೇಳಿದಾಗ ಕೊಟ್ಟ ಉತ್ತರವಷ್ಟೇ. ಕಾನ್ವೆಂಟಿನಲ್ಲಿ ಪದ್ಯ ಓದಿ ಎರಡು ಸಲ ಬಹುಮಾನದ ಕಪ್ಪು ಗೆದ್ದಿದ್ದವಳು ನಾನು. ಮತ್ತೆ ಹಾಗೆ ಓದುವ ಆಸೆಯೂ ಸ್ವಲ್ಪ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಮರುದಿನ ಟೀಚರು ಗೇಟಿನವರೆಗೂ ನಡೆದು ಬಂದರು. ಮಗಳು ಆ ದಿನ ತಾನಾಗಿಯೇ ಅವರ ಮೇಜಿನ ಹತ್ತಿರ ಹೋಗಿ, ನಮ್ಮಮ್ಮ ಓದುತ್ತಾಳೆ, ಈ ಗುರುವಾರ ಅಲ್ಲ, ಮುಂದಿನ ಗುರುವಾರ, ಎಂದಳಂತೆ. ಶಾಲೆಯಲ್ಲಿ ಅವಳು ಆಡಿದ ಮೊದಲ ಮಾತು ಅದು. ಅದಾದ ಮೇಲೆ ಮತ್ತೆ ನಲ್ಲಿ ಬಂದ್. ಮನೆಗೆ ಬಂದವಳು ಕ್ಯಾಲೆಂಡರಿನಲ್ಲಿ ಆ ಗುರುವಾರದ ಸುತ್ತ ಕೆಂಪು ಕ್ರೆಯಾನಿನಿಂದ ಎಷ್ಟು ಒತ್ತಿ ಸುತ್ತಿದಳೆಂದರೆ ಕಾಗದ ತೂತಾಗಿ ಮುಂದಿನ ತಿಂಗಳು ಕಾಣುತ್ತಿತ್ತು.

ಹಾಗಾಗಿ ಆ ಗುರುವಾರ ತಪ್ಪುವ ಹಾಗಿರಲಿಲ್ಲ.

ಶಾಲೆಯ ಆಫೀಸಿಗೆ ಹೋದರೆ ಅಲ್ಲಿನ ಗುಮಾಸ್ತೆ ಒಂದು ಫಾರಂ ಕೊಟ್ಟಳು. ಕ್ಲಾಸಿನೊಳಗೆ ಮಕ್ಕಳ ಜೊತೆ ಕೂರುವ ಯಾರೇ ಆಗಲಿ, ತಮಗೆ ಕ್ಷಯರೋಗ ಇಲ್ಲವೆಂದು ದಾಖಲೆ ಕೊಡಬೇಕು. ಕ್ಲಾಸಿನ ಮೊಲದ ಗೂಡು ತೊಳೆಯಲು ಬರುವ ಅಜ್ಜನೂ ಕೊಟ್ಟಿದ್ದಾನೆ ಎಂದಳು. ಮೊಲಕ್ಕೆ ಬೇಕೋ ಎಂದು ನಾನು ಕೇಳಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು.

ಫಾರಂ ಹಿಡಿದುಕೊಂಡು ಮನೆಗೆ ನಡೆದು ಬರುವಾಗ ನನಗೆ ನೆನಪಾದದ್ದು ಮೈಸೂರಿನ ನಮ್ಮ ಕಾನ್ವೆಂಟಿನ ಮುದಿ ಸಿಸ್ಟರು. ಐರ್ಲೆಂಡಿನಿಂದ ಚಿಕ್ಕ ವಯಸ್ಸಿನಲ್ಲೇ ಬಂದವರು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅವರಿಗೆ ಎಂಬತ್ತರ ಹತ್ತಿರ. ಪಾಠದಿಂದ ನಿವೃತ್ತರಾಗಿದ್ದರು, ತಪಾಸಣೆಯಿಂದ ಆಗಿರಲಿಲ್ಲ. ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಸಾಲಿನುದ್ದಕ್ಕೂ ಬರುವರು. ಉಗುರು, ಕಿವಿ, ಕರ್ಚೀಫು. ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು, ಅಂಗಡಿಯಲ್ಲಿ ಹೂಜಿ ತಿರುಗಿಸಿ ನೋಡುವ ಹಾಗೆ ನಮ್ಮ ತಲೆ ತಿರುಗಿಸುವರು. ಸ್ಲೇಟಿನ ಮೇಲೆ ಉಗಿದು ಒರೆಸಿದವಳಿಗೆ ಒಂದು ಗಂಟೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ. ಒಬ್ಬಳ ಲೋಟದಲ್ಲಿ ಇನ್ನೊಬ್ಬಳು ನೀರು ಕುಡಿದರೆ ಇಬ್ಬರಿಗೂ ಶಿಕ್ಷೆ. ಆಷಾಢದ ಗಾಳಿಯಲ್ಲೂ ಕ್ಲಾಸಿನ ಕಿಟಕಿ ಮುಚ್ಚುವಂತಿಲ್ಲ. ಪರೀಕ್ಷೆಯ ಕಾಗದಗಳು ಹಾರಿ ನಾವು ಹಿಂದೆ ಓಡುತ್ತಿದ್ದೆವು. ಒಂದು ದಿನ ಧೈರ್ಯವಂತೆಯೊಬ್ಬಳು ಕಾರಣ ಕೇಳಿದಳು. ಸಿಸ್ಟರು ತಾವು ಓದಿದ ಶಾಲೆಯ ಕಥೆ ಹೇಳಿದರು. ಆ ಕಾಲದಲ್ಲಿ ಒಂದೊಂದು ಬೆಂಚಿನಿಂದಲೂ ಒಂದೊಂದು ಮಗು ಕೆಮ್ಮಿ ಕೆಮ್ಮಿ ಹೋಗುತ್ತಿತ್ತಂತೆ. ಊರಿನ ಡಾಕ್ಟರು ಬಂದು ಕಿಟಕಿಯ ಬಾಗಿಲುಗಳನ್ನೇ ಕೀಳಿಸಿ ಹಾಕಿದರಂತೆ, ಮುಚ್ಚುವ ಮಾತೇ ಬೇಡವೆಂದು. ಚಳಿಗಾಲದಲ್ಲಿ ಕೋಟು ಹಾಕಿಕೊಂಡು, ಮೊಣಕಾಲ ಮೇಲೆ ಗೋಣಿ ಹೊದ್ದು ಗಣಿತ ಮಾಡಿದರಂತೆ. ಶಾಯಿ ಹೆಪ್ಪುಗಟ್ಟಿತೆಂದು ಹೇಳಿದ್ದು ಮಾತ್ರ ನಮಗೆ ಬಹಳ ಹಿಡಿಸಿತು, ಶಾಯಿ ಹೆಪ್ಪುಗಟ್ಟಿದರೆ ಕಾಪಿ ಬರೆಯಬೇಕಾಗಿಲ್ಲವಲ್ಲ ಎಂದು.

ಅಂಥ ಸಿಸ್ಟರ ಕೈಯಲ್ಲಿ ಹತ್ತು ವರ್ಷ ಪಾಸಾದವಳು ನಾನು. ಈ ಪರೀಕ್ಷೆ ಯಾವ ಲೆಕ್ಕ ಎಂದುಕೊಂಡೆ.

ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿ ಹುಬ್ಬಳ್ಳಿಯ ಮುಸ್ಲಿಂ ಕುಟುಂಬವೊಂದಿತ್ತು. ಆ ಮನೆಯಾಕೆಯನ್ನು ನಾನು ಅಕ್ಕಾ ಎನ್ನುತ್ತಿದ್ದೆ. ನಾವಿದ್ದ ಊರು ಮಿಲ್ಪಿಟಾಸಿನಲ್ಲಿ ನನಗೆ ಗೊತ್ತಿದ್ದವರಲ್ಲಿ ಹೆದರದೆ ಫ್ರೀವೇ ಹೆದ್ದಾರಿಗೆ ಕಾರು ಇಳಿಸುತ್ತಿದ್ದ ಹೆಂಗಸು ಆಕೆಯೊಬ್ಬಳೇ. ಎರಡು ವರ್ಷದ ಹಿಂದೆ ತನ್ನ ಮಗನ ಕ್ಲಾಸಿಗಾಗಿ ಇದೇ ಪರೀಕ್ಷೆ ಮಾಡಿಸಿಕೊಂಡಿದ್ದಳು.

"ನಮ್ಮ ಕಡಿಯವ್ರಿಗೆ ಎಲ್ಲಾರಿಗೂ ಉಬ್ಬತೈತಿ ತಂಗಿ" ಎಂದಳು. "ಸಣ್ಣವರಿದ್ದಾಗ ತೋಳಿಗೆ ಸೂಜಿ ಚುಚ್ಚ್ಯಾರಲ್ಲ, ಅದರ ಸಲುವಾಗಿ. ಆಮ್ಯಾಲೆ ಎದಿ ಫೋಟೋ ತಗಿತಾರ. ನನ್ನದು ಮದುವಿ ಫೋಟೋಕ್ಕಿಂತ ಚಲೋ ಬಂದೈತಿ ನೋಡು."

ಸೋಮವಾರ ಆಕೆಯ ನೀಲಿ ವ್ಯಾನಿನಲ್ಲಿ ಸರ್ಕಾರಿ ಕ್ಲಿನಿಕ್ಕಿಗೆ ಹೋದೆವು. ನರ್ಸು ಫಿಲಿಪೀನ್ಸಿನ ಕಡೆಯ ಪುಟ್ಟ ಹೆಂಗಸು, ನೆರೆತ ಕೂದಲು. ಮುಂಗೈಯ ಒಳಭಾಗದಲ್ಲಿ ಚರ್ಮದ ಕೆಳಗೆ ಸೂಜಿ ತೂರಿಸಿ ಬೆಂದ ಸಾಬೂದಾನಿಯಷ್ಟು ಒಂದು ಗುಳ್ಳೆ ಎಬ್ಬಿಸಿದಳು. ಕೆರೆಯಬೇಡ, ಪಟ್ಟಿ ಕಟ್ಟಬೇಡ, ಬುಧವಾರ ಬಂದು ತೋರಿಸು ಎಂದಳು. ಏನೂ ಹಚ್ಚಬೇಡ ಎಂದು ಹೇಳಲಿಲ್ಲ. ಇದನ್ನು ನಾನು ಆಮೇಲೆ ಎಷ್ಟೋ ಸಲ ನೆನಪು ಮಾಡಿಕೊಂಡು ನೋಡಿದ್ದೇನೆ. ಹೇಳಲಿಲ್ಲ.

ಆಗ ನಮ್ಮತ್ತೆ ಮೈಸೂರಿನಿಂದ ಬಂದು ಮೂರು ತಿಂಗಳಾಗಿತ್ತು. ಮಂಗಳವಾರ ಮಧ್ಯಾಹ್ನ ನಾನು ಚಪಾತಿ ಲಟ್ಟಿಸುತ್ತಿದ್ದಾಗ ಅವರ ಕಣ್ಣು ನನ್ನ ಮುಂಗೈ ಮೇಲೆ ಬಿತ್ತು. ಸಾಬೂದಾನಿ ಅಷ್ಟರಲ್ಲಿ ಸಣ್ಣ ಇಡ್ಲಿಯಾಗಿತ್ತು. ಏನು ಕಚ್ಚಿತು ಎಂದರು. ಕಚ್ಚಿಲ್ಲ, ಶಾಲೆಯವರು ಕೇಳಿದ್ದಾರೆ, ಸೂಜಿ ಎಂದೆ. ಯಾವ ರೋಗಕ್ಕೆಂದು ಹೇಳಲಿಲ್ಲ. ಆ ಹೆಸರನ್ನು ನಮ್ಮ ಮನೆಗಳಲ್ಲಿ ಯಾರೂ ಜೋರಾಗಿ ಹೇಳುತ್ತಿರಲಿಲ್ಲ. ಹೇಳಲೇಬೇಕಾದರೆ ಬಾಗಿಲ ಕಡೆ ನೋಡಿ ಹೇಳುತ್ತಿದ್ದರು.

ಊತ ಎಂದರೆ ನಮ್ಮತ್ತೆಗೆ ಔಷಧಿ ಒಂದೇ. ಎಲೆಅಡಿಕೆಯ ಸಂಚಿಯಿಂದ ಸುಣ್ಣದ ಡಬ್ಬಿ ಬಂತು. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ಮೂಸಿ ನೋಡಿ ವಾಪಸು ಕೊಟ್ಟಿದ್ದ ಡಬ್ಬಿ ಅದು. ಅಂಗೈಯಲ್ಲಿ ಅರಿಶಿನ ಹಾಕಿ, ಉಗುರಿನ ತುದಿಯಷ್ಟು ಸುಣ್ಣ ಸೇರಿಸಿ ತಿಕ್ಕಿದ ಕೂಡಲೇ ಅದು ಕುಂಕುಮದಂತೆ ಕೆಂಪಾಯಿತು. ನನಗೂ ಒಳಗೊಳಗೇ ಇಷ್ಟವಿತ್ತು. ಊತ ಇಳಿದರೆ ಗುರುವಾರ ಸಲೀಸು. ಕೈ ಚಾಚಿದೆ. ಅತ್ತೆ ಊತದ ಮೇಲೆ ಹಚ್ಚಿ, ಸುತ್ತಲೂ ಹಚ್ಚಿ, ಉಳಿದದ್ದನ್ನು ವ್ಯರ್ಥ ಮಾಡುವುದೇಕೆಂದು ಮೊಣಕೈವರೆಗೂ ಹಚ್ಚಿದರು.

ಬುಧವಾರ ಬೆಳಿಗ್ಗೆ ಸೋಪು ಹಾಕಿ ತೊಳೆದೆ. ಅರಿಶಿನಕ್ಕೆ ಸೋಪು ತಗುಲಿದರೆ ಏನಾಗುತ್ತದೆಂದು ಅಡಿಗೆಮನೆಯಲ್ಲಿ ಇಷ್ಟು ವರ್ಷ ಕಳೆದವಳಿಗೆ ನೆನಪಿರಬೇಕಿತ್ತು. ಇನ್ನಷ್ಟು ಕೆಂಪಾಯಿತು. ಮತ್ತೆ ಸೋಪು, ಮತ್ತೆ ಕೆಂಪು. ಕೊನೆಗೆ ಉದ್ದ ತೋಳಿನ ಸ್ವೆಟರ್ ಹಾಕಿಕೊಂಡು ಹೊರಟೆ.

ಕ್ಲಿನಿಕ್ಕಿನ ಮುಂಭಾಗದಲ್ಲಿ ಕೂತಿದ್ದ ಹುಡುಗಿ ತೋಳು ಮಡಿಸಿ ತೋರಿಸು ಎಂದಳು. ತೋರಿಸಿದೆ. ಅವಳು ಕುರ್ಚಿಸಮೇತ ಹಿಂದಕ್ಕೆ ಉರುಳಿದಳು; ಆ ಕುರ್ಚಿಗೆ ಗಾಲಿಗಳಿದ್ದವು. ಮರುಕ್ಷಣ ನನ್ನ ಮುಖಕ್ಕೆ ಕಾಗದದ ಮಾಸ್ಕು ಬಂತು. ನನ್ನೊಬ್ಬಳನ್ನೇ ಒಂದು ಕೋಣೆಯಲ್ಲಿ ಕೂರಿಸಿ ಕಿಟಕಿ ಪೂರ್ತಿ ತೆರೆದು ಹೋದಳು. ಬಾಗಿಲ ಗಾಜಿನಾಚೆ ಅಕ್ಕ ನಿಂತು ಏನಾಯಿತೆಂದು ಕೈಸನ್ನೆಯಲ್ಲಿ ಕೇಳುತ್ತಿದ್ದಳು. ಅರಿಶಿನ ಸುಣ್ಣ ಎಂಬುದನ್ನು ಕೈಸನ್ನೆಯಲ್ಲಿ ಹೇಳುವುದು ಸುಲಭವಲ್ಲ.

ಪುಟ್ಟ ನರ್ಸು ಬಂದಳು. ನನ್ನ ಕೈ ನೋಡಿದಳು, ಬಗ್ಗಿ ಮೂಸಿದಳು, ಮಾಸ್ಕು ಬಿಚ್ಚಿಸಿದಳು. ತನ್ನ ಅಜ್ಜಿ ಶುಂಠಿ ಹಚ್ಚುತ್ತಿದ್ದಳೆಂದು ಮಾತ್ರ ಹೇಳಿದಳು. ಬಣ್ಣ ಈ ಪರೀಕ್ಷೆಯಲ್ಲಿ ಲೆಕ್ಕಕ್ಕೇ ಇಲ್ಲವಂತೆ. ಗಡುಸಾಗಿರುವುದು ಎಷ್ಟಗಲ ಎಂಬುದೇ ಲೆಕ್ಕ. ಅವಳು ಕಣ್ಣು ಮುಚ್ಚಿಕೊಂಡು ಬೆರಳ ತುದಿಯಲ್ಲಿ ಗಡಿ ಹುಡುಕಿದಳು, ವೀಣೆ ನುಡಿಸುವವರು ಮೆಟ್ಟಿಲು ಹುಡುಕುವ ಹಾಗೆ. ಪೆನ್ನಿನಿಂದ ಎರಡು ಗೀಟೆಳೆದು ಸ್ಕೇಲಿಟ್ಟಳು. ಹದಿನಾಲ್ಕು ಮಿಲಿಮೀಟರು. ಹತ್ತು ದಾಟಬಾರದಿತ್ತು.

ನಾನು ಎಡತೋಳಿನ ಮೇಲಿದ್ದ ಬಾಲ್ಯದ ಸೂಜಿಯ ಕಲೆ ತೋರಿಸಿದೆ. ಅವಳು ತನ್ನ ತೋಳು ಸರಿಸಿ ತನ್ನ ಕಲೆ ತೋರಿಸಿದಳು. ಇಬ್ಬರ ಕಲೆಯೂ ಒಂದೇ ಥರ ಇತ್ತು. ಆದರೂ ನಿಯಮ ನಿಯಮವೇ ಎಂದಳು. ಮುಂದಿನ ಸೋಮವಾರ ಎಕ್ಸ್‌ರೇ, ಬುಧವಾರ ಫಲಿತಾಂಶ. ಎಲ್ಲ ಸರಿಯಾಗಿದ್ದರೆ ಗುರುವಾರ ಬೆಳಿಗ್ಗೆಯ ಹೊತ್ತಿಗೆ ಪತ್ರ ನನ್ನ ಕೈಯಲ್ಲಿರುತ್ತಿತ್ತು.

ಮನೆಯಲ್ಲಿ ಅತ್ತೆಗೆ ಎಲ್ಲ ಹೇಳಬೇಕಾಯಿತು. ರೋಗದ ಹೆಸರನ್ನೂ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಿದರು. ಬಾಲ್ಯದ ಸೂಜಿಯಿಂದ ಹೀಗಾಗುತ್ತದೆ, ಎಲ್ಲರಿಗೂ ಆಗುತ್ತದೆ ಎಂದೆಲ್ಲ ನಾನು ವಿವರಿಸಿದೆ. ಅವರು ಹೂಂ ಎಂದು ಮತ್ತೆ ಅಕ್ಕಿ ಆರಿಸತೊಡಗಿದರು.

ಮಾರನೆಯ ದಿನ ಒಂದು ಸಂಗತಿ ಗಮನಿಸಿದೆ. ನಮ್ಮ ಸ್ಟೀಲ್ ಲೋಟಗಳೆಲ್ಲ ಸಿಂಕಿನ ಬಲಗಡೆ ಸಾಲಾಗಿರುತ್ತಿದ್ದವು. ಈಗ ಒಂದು ಲೋಟ, ಒಂದು ತಟ್ಟೆ, ಒಂದು ಚಮಚ ಒಲೆಯ ಆಚೆ ಬದಿಗೆ, ಬೇರೆ ಬಟ್ಟೆಯ ಮೇಲೆ ಬೋರಲು ಬಿದ್ದಿದ್ದವು. ಮಧ್ಯಾಹ್ನ ಬಚ್ಚಲಿನಲ್ಲಿ ಒಂದು ಟವೆಲೂ ಬೇರೆ ಗೂಟಕ್ಕೆ ಹೋಯಿತು. ಹೇಳಬೇಕಾದದ್ದನ್ನು ಹೇಳದೆ ನುಂಗುವುದನ್ನು ಕಾನ್ವೆಂಟಿನಲ್ಲಿ ಚೆನ್ನಾಗಿ ಕಲಿಸಿದ್ದರು. ನುಂಗಿದೆ. ಆ ಬೇರೆ ಲೋಟದಲ್ಲೇ ನೀರು ಕುಡಿದು, ತೊಳೆದು, ಅಲ್ಲೇ ಬೋರಲು ಹಾಕಿದೆ. ಮೂರು ದಿನ ಹೀಗೆ ನಡೆಯಿತು. ಗಂಡನಿಗೆ ಹೇಳಿದೆ. ಅವರ ಕಂಪನಿ ಇಂಟರ್ನೆಟ್ಟಿನಲ್ಲಿ ಹೂವಿನ ಕುಂಡ ಮಾರುವ ಸೈಟು ಶುರುಮಾಡುವುದರಲ್ಲಿತ್ತು. ಕುಂಡಗಳನ್ನು ಕಾರಿನಲ್ಲಿ ಹೋಗಿ ತಂದರಾಗದೇ ಎಂದು ನಾನು ಕೇಳಿದ್ದೆ, ಅದಾದ ಮೇಲೆ ಅವರು ನನಗೆ ಕೆಲಸದ ವಿಷಯ ವಿವರಿಸುವುದನ್ನು ಬಿಟ್ಟಿದ್ದರು. ಲೋಟದ ವಿಷಯ ಕೇಳಿ, ಕಣ್ಣು ಪರದೆಯ ಮೇಲಿಟ್ಟುಕೊಂಡೇ, ಇನ್ನೊಂದು ಸೆಟ್ ತಂದರಾಯಿತು ಎಂದರು.

ಭಾನುವಾರ ಬೆಳಿಗ್ಗೆ ನಾನು ಆ ಲೋಟಕ್ಕೆ ಕಾಫಿ ಬಗ್ಗಿಸುವುದನ್ನು ಅತ್ತೆ ಕಂಡರು. ಓಡಿಬಂದು ಕೈಯಿಂದ ಕಿತ್ತುಕೊಂಡರು.

"ನಿನಗೇನು ಬುದ್ಧಿ ಇದೆಯೇನೇ? ನನ್ನ ಲೋಟದಲ್ಲಿ ಕುಡೀತಿದ್ದೀಯಲ್ಲ."

ಲೋಟ ಮಗುಚಿ ತಳ ತೋರಿಸಿದರು. ಅವರ ತವರಿನವರ ಹೆಸರು ಕೊರೆದಿತ್ತು.

"ವಿಮಾನ ಇಳಿದಾಗಿಂದ ಕೆಮ್ಮುತಾ ಇರೋಳು ನಾನು. ಮೂರು ತಿಂಗಳಿಂದ ಮಗೂಗೆ ಕೈತುತ್ತು ಹಾಕಿದ್ದೀನಿ. ನಿನಗೆ ಅಂಟಿದೆ ಅಂದರೆ ಎಲ್ಲಿಂದ ಅಂಟಿತು ಅಂತ ನನಗೆ ತಿಳಿಯಲ್ವಾ?"

ಆಗಷ್ಟೇ ನನಗೆ ಹೊಳೆದದ್ದು, ನಾಲ್ಕು ದಿನದಿಂದ ಅವರು ಮಗಳಿಗೆ ಕೈತುತ್ತು ಹಾಕಿಲ್ಲವೆಂದು. ಮಗಳು ಚಮಚದಲ್ಲಿ ತಿನ್ನುತ್ತಿದ್ದಳು, ಅನ್ನ ಅರ್ಧ ನೆಲಕ್ಕೆ ಹೋಗುತ್ತಿತ್ತು. ಅತ್ತೆ ದೂರದ ಕುರ್ಚಿಯಲ್ಲಿ ಕೂತು ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಿದ್ದರು. ಅವರ ಚಿಕ್ಕಂದಿನಲ್ಲಿ ಅವರ ಸೋದರತ್ತೆಯನ್ನು ಹಿತ್ತಲ ಕೋಣೆಯಲ್ಲಿ ಹೀಗೆಯೇ ಬೇರೆ ತಟ್ಟೆ ಲೋಟ ಕೊಟ್ಟು ಇಟ್ಟಿದ್ದರಂತೆ. ಮಕ್ಕಳು ಹತ್ತಿರ ಹೋಗುವಂತಿರಲಿಲ್ಲ. ಇವರು ಕಿಟಕಿಯಿಂದ ಮಾವಿನಹಣ್ಣು ಎಸೆಯುತ್ತಿದ್ದರಂತೆ, ಆಕೆ ಒಳಗಿಂದ ಗೊರಟೆ ವಾಪಸು ಎಸೆಯುತ್ತಿದ್ದಳಂತೆ. ಗುರಿ ಒಂದು ದಿನವೂ ತಪ್ಪಲಿಲ್ಲವಂತೆ. ಇದನ್ನು ಹೇಳಿ ಅತ್ತೆ ನಕ್ಕರು, ನಕ್ಕಿದ್ದಕ್ಕೆ ಕೆಮ್ಮು ಬಂತು, ಕೆಮ್ಮಿದ್ದಕ್ಕೆ ಅತ್ತುಬಿಟ್ಟರು. ಹೀಟರಿನ ಒಣಗಾಳಿಗೆ ಕೆಮ್ಮು ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ನಿನ್ನ ಎದೆ ಚಿತ್ರ ಬರಲಿ, ಅದರಲ್ಲಿ ಏನೂ ಇಲ್ಲ ಅಂದರೆ ನನ್ನಲ್ಲೂ ಇಲ್ಲ ಎಂದರು. ಲೋಟ ಮತ್ತೆ ಒಲೆಯ ಆಚೆ ಹೋಯಿತು. ನಾನು ಮೂರು ದಿನ ಅದರಲ್ಲೇ ಕುಡಿದಿದ್ದೇನೆಂಬುದನ್ನು ಇಂದಿನವರೆಗೂ ಅವರಿಗೆ ಹೇಳಿಲ್ಲ.

ಹೀಗೆ ಗುರುವಾರಕ್ಕೆ ಈಗ ಮಗಳು, ಅತ್ತೆ ಇಬ್ಬರೂ ಕಾಯತೊಡಗಿದರು.

ಎಕ್ಸ್‌ರೇಗೆ ಹೋಗುವಾಗ ಕೊರಳಲ್ಲಿ ಲೋಹ ಇರಬಾರದೆಂದು ಚೀಟಿಯಲ್ಲಿ ಬರೆದಿದ್ದರು. ನನ್ನ ಕೊರಳಲ್ಲಿ ಇದ್ದದ್ದು ಮಾಂಗಲ್ಯದ ಸರ. ಅತ್ತೆ ಚೀಟಿಯ ಅರ್ಥ ಕೇಳಿಕೊಂಡರು. ಆಮೇಲೆ ಎದ್ದು ಅರಿಶಿನದ ಕೊಂಬಿನ ಪೊಟ್ಟಣ ಬಿಚ್ಚಿ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಮುರಿದದ್ದು ಬೇಡ, ಬಡಕಲು ಬೇಡ. ಪಕ್ಕದಲ್ಲಿ ಮೊಳಕೆಯಂಥ ಕವಲಿದ್ದ ಗಟ್ಟಿಯಾದ ಒಂದು ಕೊಂಬನ್ನು ಆರಿಸಿ, ದಾರಕ್ಕೆ ಅರಿಶಿನ ಸವರಿ, ಕೊಂಬನ್ನು ಅದಕ್ಕೆ ಬಿಗಿದು ನನ್ನ ಕೊರಳಿಗೆ ಕಟ್ಟಿದರು. ಸರ ತೆಗೆದು ದೇವರ ಮುಂದೆ ಇಟ್ಟರು. ಬಂಗಾರ ತೆಗೆದರೂ ಕೊರಳು ಬರಿದಾಗಲಿಲ್ಲ. ಹೀಗೆ ಲೆಕ್ಕ ಸರಿಹೋಯಿತು.

ಎಕ್ಸ್‌ರೇ ತೆಗೆಯುವವನು ಮೈಮೇಲೆ ಲೋಹ ಏನಾದರೂ ಇದೆಯೇ ಎಂದು ಎರಡು ಸಲ ಕೇಳಿದ. ಇಲ್ಲ ಎಂದೆ. ಅದು ನಿಜವೇ ಆಗಿತ್ತು.

ಬುಧವಾರ ಬೆಳಗಿನಿಂದ ನಾನು ಫೋನಿನ ಪಕ್ಕದಲ್ಲೇ ಕೂತೆ. ಕ್ಲಿನಿಕ್ಕಿನಿಂದ ಕರೆ ಬರಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅಕ್ಕನ ಹೆಜ್ಜೆ ಸದ್ದಾಯಿತು. ಎರಡನೆಯ ನಂಬರೆಂದು ನಾನು ಆಕೆಯದನ್ನು ಕೊಟ್ಟಿದ್ದೆ.

"ಮುಂಜಾನಿಂದ ಹಚ್ಚಾಕತ್ತಾರಂತ, ನಿಮ್ಮ ಫೋನು ಎಂಗೇಜಂತ" ಎಂದಳು. ಅವಳ ಮುಖದಲ್ಲಿ ಎಂದಿನ ನಗು ಇರಲಿಲ್ಲ. "ಎದಿಯೊಳಗ ಏನೋ ಕಾಣಾಕತ್ತೈತಂತ ತಂಗಿ. ಈಗಿಂದೀಗ ಬಾ ಅಂದಾರ. ಇನ್ನೊಂದು ಫೋಟೋ ತಗಿಬೇಕಂತ."

ಫೋನಿನ ತಂತಿ ಹಿಡಿದು ನೋಡಿದೆ. ಅದು ಮಲಗುವ ಕೋಣೆಯ ಬಾಗಿಲ ಕೆಳಗೆ ತೂರಿ ಗಂಡನ ಕಂಪ್ಯೂಟರಿಗೆ ಸೇರಿತ್ತು. ಇಂಟರ್ನೆಟ್ಟು ಫೋನಿನ ತಂತಿಯಲ್ಲೇ ಬರುತ್ತಿದ್ದ ಕಾಲ ಅದು. ಆ ದಿನ ಅವರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು; ಹೂವಿನ ಕುಂಡಗಳು ಬೆಳಗಿನಿಂದ ನಮ್ಮ ಫೋನಿನಲ್ಲಿ ಹೋಗುತ್ತಿದ್ದವು. ನನಗೆ ಸಿಟ್ಟು ಮಾಡಲೂ ಪುರುಸೊತ್ತಿರಲಿಲ್ಲ. ಅತ್ತೆ ಆಗಲೇ ಪೊಟ್ಟಣ ಬಿಚ್ಚಿದ್ದರು. ಅದೇ ಕವಲಿನ ಕೊಂಬು, ಅದೇ ದಾರ. ಅವಸರಕ್ಕೆ ಗಂಟು ಎರಡು ಸಲ ಬಿಚ್ಚಿತು. ಈ ಸಲ ತಾವೂ ಬರುತ್ತೇನೆಂದು ಹೊರಟರು. ಅಕ್ಕ ವ್ಯಾನನ್ನು ಫ್ರೀವೇಗೆ ಇಳಿಸಿದಳು. ನಾನು ಅಂದುಕೊಂಡದ್ದು ಇಷ್ಟೇ: ನನಗೆ ಏನಾದರೂ ಆಗಲಿ, ಆದರೆ ಮಗಳ ಮುಂದಿನ ಮಾತು ಶಾಲೆಯಲ್ಲಿ ಏನಾಗಿರುತ್ತದೆ? ನಮ್ಮಮ್ಮ ಬರಲ್ಲ ಎಂದೇ? ಅಥವಾ ಅದೂ ಇಲ್ಲವೇ?

ಹತ್ತಿರದ ಪಾಲೋ ಆಲ್ಟೋ ಊರಿನಿಂದ ವಾರಕ್ಕೊಮ್ಮೆ ಬರುವ ವಯಸ್ಸಾದ ಡಾಕ್ಟರು ನಮ್ಮನ್ನು ಕೂರಿಸಿ ನನ್ನ ಎದೆಯನ್ನು ಬೆಳಕಿನ ಹಲಗೆಗೆ ಸಿಕ್ಕಿಸಿದರು. ಕೆಮ್ಮುತ್ತೀಯಾ ಎಂದರು. ಇಲ್ಲ ಎಂದೆ. ಹಿಂದಿನಿಂದ ಅತ್ತೆ ಕೆಮ್ಮಿದರು. ತೂಕ ಇಳಿದಿದೆಯೇ ಎಂದರು. ಆ ಭಾಗ್ಯವಿಲ್ಲ ಎಂದೆ. ಅವರು ಪೆನ್ಸಿಲಿನ ತುದಿಯಿಂದ ಎದೆಯ ನಡುವೆ, ಸ್ವಲ್ಪ ಎಡಕ್ಕೆ, ಹೆಬ್ಬೆರಳಿನಷ್ಟಿದ್ದ ಒಂದು ಮಬ್ಬು ಬಿಳುಪನ್ನು ತೋರಿಸಿದರು. ಇದು ಇಂಥದೇ ಎಂದು ಹೇಳುವುದು ಕಷ್ಟ, ಇಂಥ ಆಕಾರವನ್ನು ನಾನು ನೋಡಿದ ನೆನಪಿಲ್ಲ ಎಂದರು.

ನಾನು ನೋಡಿದ್ದೆ. ಬಿಳುಪಿನ ಬಲಪಕ್ಕದಲ್ಲಿ ಮೊಳಕೆಯಂಥ ಒಂದು ಕವಲಿತ್ತು.

ನಾನು ಕುತ್ತಿಗೆಯೊಳಗೆ ಕೈಹಾಕಿ ದಾರ ಹೊರಗೆಳೆದೆ. ಕೊಂಬು ಅವರ ಮೂಗಿನ ಮುಂದೆ ತೂಗಾಡಿತು. ಡಾಕ್ಟರು ಅದನ್ನು ನೋಡಿದರು, ಹಲಗೆಯನ್ನು ನೋಡಿದರು, ಮತ್ತೆ ಅದನ್ನು ನೋಡಿದರು. ಇದು ಯಾವುದಾದರೂ ಔಷಧಿಯೇ ಎಂದು ಕೇಳಿದರು.

ಸರಿಯಾದ ಉತ್ತರವನ್ನು ನನ್ನ ಕಪ್ಪು ಗೆದ್ದ ಇಂಗ್ಲಿಷಿನಲ್ಲಿ ಹುಡುಕಿದೆ. ಸಿಕ್ಕಿದ್ದು ಒಂದೇ ವಾಕ್ಯ.

"ಅಲ್ಲ ಡಾಕ್ಟರ್. ಮನೆಗೆ ಹೋಗೋವರೆಗೂ ಇದೇ ನನ್ನ ಗಂಡ."

ಅಕ್ಕ ಗೋಡೆ ಕಡೆ ತಿರುಗಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ಡಾಕ್ಟರು ಬಹಳ ಹೊತ್ತು ಫೈಲಿನಲ್ಲಿ ಏನೋ ಬರೆದರು. ಏನು ಬರೆದರೆಂದು ನನಗೆ ಈಗಲೂ ಕುತೂಹಲವಿದೆ. ಆಮೇಲೆ ಗಂಡನನ್ನು ಎರಡು ನಿಮಿಷ ತೆಗೆದಿಟ್ಟು ಇನ್ನೊಂದು ಚಿತ್ರಕ್ಕೆ ನಿಲ್ಲಲು ಸಾಧ್ಯವೇ ಎಂದು ಗಂಭೀರವಾಗಿಯೇ ಕೇಳಿದರು.

ನಾನು ಅತ್ತೆಯ ಮುಖ ನೋಡಿದೆ. ಅವರಿಗೆ ಇಂಗ್ಲಿಷು ಬಾರದಿದ್ದರೂ ಹಲಗೆಯ ಮೇಲಿನ ಕವಲು ಕಂಡಿತ್ತು, ವಿಷಯ ಪೂರ್ತಿ ಅರ್ಥವಾಗಿತ್ತು. ಅವರ ಕಣ್ಣಲ್ಲಿ ನೀರಿತ್ತು, ಧ್ವನಿಯಲ್ಲಿ ಮಾತ್ರ ಎಂದಿನ ಅಧಿಕಾರ.

"ಕತ್ತಲ್ಲೇ ಇರಬೇಕು ಅಂತ ಯಾರು ಹೇಳಿದ್ದು? ಮೈಮೇಲಿದ್ದರೆ ಸಾಕು. ತುರುಬಿಗೆ ಸಿಕ್ಕಿಸ್ಕೋ."

ತಾವೇ ಬಿಚ್ಚಿ, ಹೂ ಮುಡಿಸುವ ಹಾಗೆ ನನ್ನ ತುರುಬಿಗೆ ಸಿಕ್ಕಿಸಿದರು. ಎಕ್ಸ್‌ರೇಯವನು ಲೋಹ ಇದೆಯೇ ಎಂದು ಮತ್ತೆ ಕೇಳಿದ. ಗಿಡದ ಬೇರು, ತಲೆಯಲ್ಲಿದೆ ಎಂದು ಈ ಸಲ ನಾನಾಗಿಯೇ ಹೇಳಿದೆ. ಅವನು ಹುಷಾರಾಗಿ ತಲೆಯಾಡಿಸಿದ.

ಎರಡನೆಯ ಚಿತ್ರದಲ್ಲಿ ನನ್ನ ಎದೆ ನಿರ್ಮಲವಾಗಿತ್ತು. ಡಾಕ್ಟರು ಪತ್ರ ಬರೆದು ಸಹಿ ಹಾಕಿ ಕೊಟ್ಟರು: ಈಕೆಗೆ ಕ್ಷಯವಿಲ್ಲ, ಮಕ್ಕಳ ಜೊತೆ ಕೂರಬಹುದು. ಆ ಮಧ್ಯಾಹ್ನ ಮನೆಗೆ ಬಂದವರೇ ಅತ್ತೆ ಕೈಕಾಲು ತೊಳೆದು, ಊಟದ ಹೊತ್ತಲ್ಲದಿದ್ದರೂ, ಅನ್ನ ಕಲಸಿ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡರು. ಮಗು ಆಗಷ್ಟೇ ಶಾಲೆಯಿಂದ ಬಂದು ಹೊಟ್ಟೆ ತುಂಬ ತಿಂದಿತ್ತು. ಆದರೂ ಆರು ತುತ್ತು ತಿಂದಿತು.

ಗುರುವಾರ ಎಂಟು ಗಂಟೆಗೇ ನಾನು ಶಾಲೆಯ ಆಫೀಸಿನಲ್ಲಿದ್ದೆ. ಗುಮಾಸ್ತೆ ಪತ್ರವನ್ನು ಎರಡು ಸಲ ಓದಿ ಮೊಹರು ಒತ್ತಿದಳು. ಹತ್ತಕ್ಕೆ ಕ್ಲಾಸಿನೊಳಗೆ ಹೋದೆ. ನನಗೆಂದು ಇಟ್ಟಿದ್ದ ಕುರ್ಚಿ ಎಷ್ಟು ಪುಟ್ಟದಿತ್ತೆಂದರೆ ಕೂತಾಗ ಮೊಣಕಾಲು ಗಲ್ಲಕ್ಕೆ ಬಂತು. ಮಕ್ಕಳು ನೆಲಹಾಸಿನ ಮೇಲೆ ಅರ್ಧಚಂದ್ರದಂತೆ ಕೂತರು. ಮಗಳು ಎಲ್ಲರಿಗಿಂತ ಹಿಂದೆ ಹೋಗಿ ಕೂತು, ನನ್ನನ್ನು ಎಂದೂ ಕಂಡಿಲ್ಲವೆಂಬಂತೆ ಶೂ ಲೇಸು ನೋಡುತ್ತಿದ್ದಳು.

ಟೀಚರು ಕೊಟ್ಟದ್ದು ಕುಂಬಳಕಾಯಿಯೊಂದು ಗುಡ್ಡದಿಂದ ಉರುಳಿ ಹೋಗುವ ಚಿತ್ರಪುಸ್ತಕ. ತೆರೆದು ಸುತ್ತ ನೋಡಿದೆ. ಇಪ್ಪತ್ತು ಮಕ್ಕಳಲ್ಲಿ ಹದಿಮೂರು ಮೂಗು ಸುರಿಯುತ್ತಿತ್ತು. ಒಬ್ಬನಿಗೆ ಕಣ್ಣು ಕೆಂಪಾಗಿತ್ತು. ಇನ್ನೊಬ್ಬ ತನ್ನ ತೋಳಿನಲ್ಲಿ ಒರೆಸಿಕೊಂಡು ಅದೇ ತೋಳನ್ನು ಪಕ್ಕದವನ ಹೆಗಲಿಗೆ ಹಾಕಿದ. ಕಿಟಕಿಗಳೆಲ್ಲ ಮುಚ್ಚಿದ್ದವು. ಮುದಿ ಸಿಸ್ಟರು ಇದ್ದಿದ್ದರೆ ಇಡೀ ಕ್ಲಾಸನ್ನೇ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇವರಲ್ಲಿ ಯಾರ ಹತ್ತಿರವೂ ಪತ್ರ ಕೇಳುವ ಅಧಿಕಾರ ನನಗಿರಲಿಲ್ಲ. ಓದತೊಡಗಿದೆ.

ನನ್ನ ಧ್ವನಿ ಮೊದಲು ನನಗೇ ಹೊಸದಾಗಿ ಕೇಳಿತು, ಎರಡನೆಯ ಪುಟದ ಹೊತ್ತಿಗೆ ಹಳೆಯದಾಯಿತು. ಕುಂಬಳಕಾಯಿ ಬೇಲಿ ಹಾರಿತು, ಹಸುವಿನ ಕಾಲ ಸಂದಿಯಲ್ಲಿ ನುಸುಳಿತು. ಎರಡು ಜಡೆಯ ಒಬ್ಬ ಹುಡುಗಿ ಇಂಚಿಂಚಾಗಿ ಮುಂದೆ ಸರಿಯುತ್ತಾ ಬಂದು ನನ್ನ ಮೊಣಕಾಲಿಗೆ ಒರಗಿದಳು. ನಾಲ್ಕನೆಯ ಪುಟದಲ್ಲಿ ನನ್ನ ಮುಖಕ್ಕೇ ಸೀನಿದಳು. ಆ ಸೀನಿನ ಫಲವಾಗಿ ನಾವು ಮನೆಮಂದಿಯೆಲ್ಲ ಶನಿವಾರದಿಂದ ಹತ್ತು ದಿನ ಮಲಗಿದೆವು, ಕೆಳಮನೆಯ ಅಕ್ಕನೂ ಸೇರಿ. 'ಬ್ಲೆಸ್ ಯೂ' ಎಂದು ಹೇಳಿ ನಾನು ಪುಟದ ಮೇಲಿನ ಹನಿ ಒರೆಸಿದೆ. ಹುಡುಗಿ ನನ್ನ ದುಪಟ್ಟಾದ ತುದಿ ಎತ್ತಿಕೊಂಡು, ಅದು ಅದಕ್ಕಾಗಿಯೇ ಇದೆ ಎಂಬಂತೆ, ಮೂಗು ಒರೆಸಿಕೊಂಡಳು.

ಆಗ ಹಿಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತರು. ಮಕ್ಕಳ ನಡುವೆ ಕಾಲಿಡಲು ಜಾಗ ಮಾಡಿಕೊಳ್ಳುತ್ತಾ ಮಗಳು ಮುಂದೆ ಬಂದಳು. ಆ ಹುಡುಗಿಯ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತು, ಇಡೀ ಕ್ಲಾಸಿಗೆ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದಳು, ಅದು ನಮ್ಮಮ್ಮನ ಮೊಣಕಾಲು, ನಿಂದಲ್ಲ, ಅದು ನಮ್ಮಮ್ಮನ ದುಪಟ್ಟಾ, ಟಿಶ್ಯೂ ಅಲ್ಲಿದೆ. ಎರಡು ಜಡೆಯವಳು, ನಾನು ಮೊದಲು ಬಂದೆ ಎಂದಳು. ಇವಳು, ನಾನು ಹುಟ್ಟಿದಾಗಿಂದ ಬಂದಿದ್ದೀನಿ ಎಂದಳು. ಅವಳು ಏನೋ ಅಂದಳು, ಇವಳು ಅದಕ್ಕೆ ಎರಡರಷ್ಟು ಅಂದಳು.

ನಾನು ಟೀಚರ ಕಡೆ ನೋಡಿದೆ. ಅವರು ಕನ್ನಡಕ ಏರಿಸಿಕೊಂಡು ಮೇಜಿಗೆ ಒರಗಿ ನಿಂತಿದ್ದರು. ಮಧ್ಯೆ ಬರಬೇಡವೆಂದು ನನಗೆ ಕೈಸನ್ನೆ ಮಾಡಿದರು. ಹಸುವಿನ ಕಾಲ ಸಂದಿಯಲ್ಲೇ ಕುಂಬಳಕಾಯಿಯನ್ನು ನಿಲ್ಲಿಸಿಕೊಂಡು, ಪುಟ ಮಗುಚದೆ, ನಾನೂ ಜಗಳ ಮುಗಿಯುವವರೆಗೆ ಕೂತೆ.